ಕರಡಿಬೆನ್ನಿನ ಮೂರು ಎಲ್ಲೆಗಲ್ಲುಗಳು

ಉತ್ತರಕ್ಕೆ ಥುರಿಂಗಿಯಾದ ಕಗ್ಗಾಡು, ದಕ್ಷಿಣಕ್ಕೆ ದ್ರಾಕ್ಷಿತೋಟಗಳ ಬುಡ ತೊಳೆಯುತ್ತ ಹರಿಯುವ ಮೈನ್ ನದಿ. ಇವೆರಡರ ನಡುವೆ ಮಡಿಕೆಮಡಿಕೆಯಾಗಿ ಎದ್ದು ನಿಂತ ಫ್ರಾಂಕೋನಿಯಾದ ಗುಡ್ಡಗಳಲ್ಲಿ ಎರ್ಲೆನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನವೊಂದಿತ್ತು. ಜರ್ಮನ್ ಚಕ್ರವರ್ತಿಯ ಛತ್ರದಡಿಯಲ್ಲಿ ಆ ಕಾಲಕ್ಕೆ ಮುನ್ನೂರಕ್ಕೆ ಮಿಕ್ಕ ಸಂಸ್ಥಾನಗಳಿದ್ದವು. ಅವುಗಳಲ್ಲಿ ಎರ್ಲೆನ್‌ಸ್ಟೈನ್ ಎಷ್ಟು ಕಿರಿದೆಂದರೆ, ಬೆಳಿಗ್ಗೆ ಕುದುರೆಯೇರಿ ಹೊರಟವನು ಮಧ್ಯಾಹ್ನದ ಊಟದ ಹೊತ್ತಿಗೆ ಪರರಾಜ್ಯದಲ್ಲಿರುತ್ತಿದ್ದನು. ಹಾಗೆಂದು ಗತ್ತಿಗೇನೂ ಕೊರತೆಯಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಅರಮನೆ, ಅದರ ಸುತ್ತ ಕೋಟೆ, ಕೋಟೆಯ ಕೆಳಗೆ ಮರದ ಚೌಕಟ್ಟಿನ ಮನೆಗಳ ಓರೆಕೋರೆ ಬೀದಿಗಳು, ಬೀದಿಗಳೆಲ್ಲ ಬಂದು ಕೂಡುವಲ್ಲಿ ಪೇಟೆಯ ಚೌಕ.

ಅಕ್ಟೋಬರ್ ತಿಂಗಳ ಆ ಶುಕ್ರವಾರದ ಬೆಳಗು ಚೌಕವು ಗಿಜಿಗುಟ್ಟುತ್ತಿತ್ತು. ಬಿಯರ್ ಪೀಪಾಯಿಗಳನ್ನು ಉರುಳಿಸುವವರು, ಬಾತುಗಳ ಕಾಲು ಕಟ್ಟಿ ಮಾರಲು ತಂದವರು, ಕರಿ ಪದರಗಲ್ಲು ಹೊದಿಸಿದ ಮಾಡುಗಳ ಮೇಲೆ ಹತ್ತಿ ಹೊಗೆಗೂಡು ಗುಡಿಸುವವರು, ಎಲ್ಲರ ಕೂಗೂ ಒಂದರ ಮೇಲೊಂದು ಬೀಳುತ್ತಿತ್ತು. ಅಷ್ಟರಲ್ಲಿ ದಕ್ಷಿಣದ ಹೆಬ್ಬಾಗಿಲಿನಿಂದ ನಾಲ್ಕು ಕರಿಕುದುರೆಗಳ ಸಾರೋಟೊಂದು ಒಳಬಂದಿತು. ಅದರ ಬಾಗಿಲಿನ ಮೇಲೆ, ಬಿಷಪ್ಪರೇ ದೊರೆಯಾಗಿ ಆಳುವ ನೆರೆಯ ಸಂಸ್ಥಾನದ ಲಾಂಛನವಿತ್ತು. ಚೌಕದ ಸದ್ದು ಅಡಗಿತು. ಹೆಂಗಸೊಬ್ಬಳು ಮಾರುತ್ತಿದ್ದ ಬಾತನ್ನು ಸೆರಗಿನಡಿ ಮುಚ್ಚಿಟ್ಟುಕೊಂಡಳು. ಬಿಷಪ್ಪರ ರಾಯಭಾರಿಗೆ ಅವಳ ಬಾತು ಬೇಕಿರಲಿಲ್ಲ. ಆದರೆ ಮೂವತ್ತು ವರ್ಷ ಯುದ್ಧ ಕಂಡ ನಾಡಿನ ಕೈಗಳು ಬುದ್ಧಿಯನ್ನು ಕೇಳದೆಯೇ ಇದ್ದದ್ದನ್ನು ಬಚ್ಚಿಡಲು ಕಲಿತುಬಿಟ್ಟಿದ್ದವು.

ಯುದ್ಧ ಮುಗಿದು ಆಗ ಹನ್ನೆರಡು ವರ್ಷ. ಸ್ವೀಡನ್ನಿನ ದಂಡು ಒಂದು ದಿಕ್ಕಿನಿಂದ, ಚಕ್ರವರ್ತಿಯ ದಂಡು ಇನ್ನೊಂದು ದಿಕ್ಕಿನಿಂದ ಬಂದು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಉಂಡು, ಇಬ್ಬರೂ ಬಿಟ್ಟವರನ್ನು ಪ್ಲೇಗು ತಿಂದುಹಾಕಿತ್ತು. ಸಂಸ್ಥಾನದ ನಲವತ್ತು ಹಳ್ಳಿಗಳಲ್ಲಿ ಹದಿನೇಳು ಹೇಳಹೆಸರಿಲ್ಲದಂತಾಗಿ, ಇದ್ದ ಜಾಗದಲ್ಲಿ ಬರ್ಚ್ ಮರಗಳು ಬೆಳೆದಿದ್ದವು. ಹಳೆಯ ನಕ್ಷೆಗಳೆಲ್ಲ ಬೂದಿಯಾಗಿದ್ದವು. ಹೀಗಾಗಿ ಎಲ್ಲಿಯವರೆಗೆ ಯಾರ ನೆಲ ಎಂಬ ಪ್ರಶ್ನೆ ನಾಡಿನ ತುಂಬ ಕೆಂಡದಂತೆ ಉಳಿದಿತ್ತು. ಬರಿಯ ನೆಲದ ಪ್ರಶ್ನೆಯೂ ಅದಾಗಿರಲಿಲ್ಲ. ಯಾರ ಸೀಮೆಯೋ ಅವರದೇ ಧರ್ಮ ಎಂಬುದು ಆ ದೇಶದ ಕಟ್ಟಳೆ. ಲೂಥರನ ಮತದ ಎರ್ಲೆನ್‌ಸ್ಟೈನಿನಿಂದ ರೋಮಿನ ಮತದ ಬಿಷಪ್ಪರ ಕೈಗೆ ಒಂದು ಹಳ್ಳಿ ದಾಟಿತೆಂದರೆ, ಆ ಹಳ್ಳಿಯವರು ಒಂದೋ ಮತ ಬಿಡಬೇಕು, ಇಲ್ಲವೇ ಮನೆಮಠ ಬಿಟ್ಟು ಚಳಿಗಾಲದ ದಾರಿ ಹಿಡಿಯಬೇಕು.

ಈ ಬಾರಿ ತಕರಾರು ಹಾಮರ್ಟಾಲ್ ಕಣಿವೆಯದು. ಕಬ್ಬಿಣದ ಕುಲುಮೆಗಳ ಆ ಕಣಿವೆಯಲ್ಲಿ ಮೂರು ಹಳ್ಳಿಗಳಿದ್ದವು, ನಾನೂರು ಜನರಿದ್ದರು. ಕಣಿವೆಯ ತೊರೆ ಕರಡಿಬೆನ್ನು ಎಂಬ ಗುಡ್ಡದ ಒಂದು ಊಟೆಯಲ್ಲಿ, ಅಂದರೆ ನೀರಿನ ಒರತೆಯಲ್ಲಿ, ಹುಟ್ಟುತ್ತಿತ್ತು. ಊಟೆ ಯಾರ ಎಲ್ಲೆಯೊಳಗಿದೆಯೋ ಆ ನೀರು ಹರಿಯುವ ಕಣಿವೆಯೂ ಅವರದು ಎಂದು ತಲೆಮಾರುಗಳ ಹಿಂದೆಯೇ ಒಪ್ಪಂದವಾಗಿತ್ತು. ಎಲ್ಲೆಯನ್ನು ತೋರುವ ಮೂರು ಕಲ್ಲುಗಳು ಊಟೆಯಿಂದಾಚೆಗೆ ಇನ್ನೂರು ಹೆಜ್ಜೆ ಮೇಲೆ ನಿಂತಿದ್ದವು. ಎರಡೂ ಕಡೆಯವರು ಕೂಡಿ ಗಡಿ ನಡೆದು, ಕಲ್ಲುಗಳನ್ನು ಪರೀಕ್ಷಿಸಿ, ಶಾಶ್ವತವಾಗಿ ಮುದ್ರೆಯೊತ್ತಲೆಂದೇ ರಾಯಭಾರಿ ಆನ್ಸೆಲ್ಮ್ ಪಾದ್ರಿಗಳು ಬಂದದ್ದು.

ಅರಮನೆಯ ನಕ್ಷೆಗಳ ಕೋಣೆಯ ಕಿಟಕಿಯಿಂದ ಆ ಸಾರೋಟನ್ನು ನೋಡುತ್ತಿದ್ದವನು ಸಂಸ್ಥಾನದ ಭೂಮಾಪಕ ಕಾಸ್ಪರ್ ಟ್ರಾಯ್ಟ್‌ಲೈನ್. ಐವತ್ತು ದಾಟಿದ, ತೆಳ್ಳನೆಯ ಮನುಷ್ಯ. ಮೈನ್ ನದಿಯಿಂದ ಥುರಿಂಗಿಯಾದವರೆಗೆ ಇವನಷ್ಟು ನೇರವಾದ ಗೆರೆ ಎಳೆಯುವ ಕೈ ಇನ್ನೊಂದಿಲ್ಲವೆಂದು ಪ್ರತೀತಿ. ಮತ್ತು ಇವನಷ್ಟು ಪುಕ್ಕಲ ಇನ್ನೊಬ್ಬನಿಲ್ಲವೆಂದೂ ಪ್ರತೀತಿ. ಎರಡೂ ನಿಜ. ಗುಡುಗಿಗೆ ಹೆದರುವನು, ನಾಯಿಗೆ ಹೆದರುವನು, ಅರಮನೆಯ ಮೆಟ್ಟಿಲಿನಲ್ಲಿ ಹಿಂದಿನಿಂದ ಯಾರಾದರೂ ಕರೆದರೆ ಕೈಯಲ್ಲಿದ್ದ ಕೈವಾರವನ್ನು ಕೆಳಗೆ ಹಾಕುವನು. ಅವನನ್ನು ನೋಡಿ ನಕ್ಕವರಿಗೆ ತಿಳಿಯದ ಮಾತೊಂದಿತ್ತು: ಹದಿನೆಂಟನೆಯ ವಯಸ್ಸಿನಲ್ಲಿ ಮೂರು ದಿನ ಬಾವಿಯೊಳಗೆ ಅಡಗಿ ಕುಳಿತು, ಮೇಲೆ ತನ್ನ ಮನೆಯವರ ಕೂಗು ಒಂದೊಂದಾಗಿ ನಿಲ್ಲುವುದನ್ನು ಅವನು ಕೇಳಿದ್ದನು.

ಅಂದು ಮಧ್ಯಾಹ್ನ ಹಿಂದಿನಿಂದ ಕರೆದವರು ಮಹಾಮಂತ್ರಿಗಳೇ.

ಮಹಾಮಂತ್ರಿ ಡೀಟ್ಮಾರ್ ಫಾನ್ ರೋಡೆಕ್ ಎಂದೂ ದನಿ ಎತ್ತಿದವನಲ್ಲ. ಸೇವಕರಿಗೂ ಬಹುವಚನ, ಬಾಗಿಲು ತೆರೆದವನಿಗೂ ವಂದನೆ. ಅತಿ ವಿನಯಂ ಧೂರ್ತಲಕ್ಷಣಂ ಎಂಬ ಮಾತನ್ನು ಆ ನಾಡಿನವರು ಕೇಳಿರಲಿಲ್ಲ, ಪಾಪ. ದೊರೆ ತೀರಿಕೊಂಡು, ಉತ್ತರಾಧಿಕಾರಿ ಇನ್ನೂ ತೊಟ್ಟಿಲಿನಲ್ಲಿದ್ದು, ರಾಜಮಾತೆ ಸಿಬಿಲ್ಲಾ ದೇವಿಯವರು ಆಳುತ್ತಿದ್ದ ಆ ಸಂಸ್ಥಾನದಲ್ಲಿ ಎಲ್ಲ ಕಾಗದಗಳೂ ಅವನ ಕೈ ಹಾದೇ ಮುಂದಕ್ಕೆ ಹೋಗುತ್ತಿದ್ದವು.

“ಕುಳಿತುಕೊಳ್ಳಿ, ಟ್ರಾಯ್ಟ್‌ಲೈನರೇ. ಎಲ್ಲೆಗಲ್ಲುಗಳ ಅಡಿಯಲ್ಲಿ ಏನೋ ಹೂತಿಟ್ಟಿರುತ್ತಾರಂತೆ, ನಿಜವೆ?”

ಕಾಸ್ಪರ್ ಕುರ್ಚಿಯ ಅಂಚಿಗೆ ಕುಳಿತನು. ಆ ಸೀಮೆಯಲ್ಲಿ ‘ಏಳು ಮಂದಿ’ ಎಂಬುದೊಂದು ಪುರಾತನ ಪಂಗಡ. ಗಡಿಯ ಕಲ್ಲು ನೆಡುವ ಅಧಿಕಾರ ಅವರೊಬ್ಬರದೇ. ಕಲ್ಲಿನ ಬುಡದಲ್ಲಿ ಅವರು ಕೆಲವು ಗುರುತುಗಳನ್ನು, ತಮಗಷ್ಟೇ ಗೊತ್ತಿರುವ ಒಂದು ಕ್ರಮದಲ್ಲಿ ಇಟ್ಟು ಮುಚ್ಚುತ್ತಾರೆ. ಯಾರಾದರೂ ಕಲ್ಲನ್ನು ಕಿತ್ತು ಬೇರೆಡೆ ನೆಟ್ಟರೆ ಬುಡದ ಗುರುತು ಇರದೆ ಮೋಸ ಬಯಲಾಗುತ್ತದೆ. ಆ ಗುಟ್ಟನ್ನು ಹೆಂಡತಿಗಾಗಲಿ, ಪಾದ್ರಿಗಾಗಲಿ, ದೊರೆಗಾಗಲಿ ಹೇಳುವಂತಿಲ್ಲ. ಏಳು ಮಂದಿಯಲ್ಲೊಬ್ಬನು ಸತ್ತಾಗ ಹೊಸಬನ ಕಿವಿಯಲ್ಲಿ ಉಸುರಬೇಕು, ಅಷ್ಟೆ. ಭೂಮಾಪಕನಾದ ಕಾಸ್ಪರನೂ ಏಳರಲ್ಲೊಬ್ಬ.

“ಗುಟ್ಟನ್ನು ಕೇಳುತ್ತಿಲ್ಲ ನಾನು. ನಿಮ್ಮ ಆಣೆ ನಿಮ್ಮ ಬಳಿಯೇ ಇರಲಿ. ಭಾನುವಾರ ಬೆಳಿಗ್ಗೆ ಊರೆಲ್ಲ ಪ್ರಾರ್ಥನೆಯಲ್ಲಿರುವಾಗ ನನ್ನ ಇಬ್ಬರು ಅರಣ್ಯ ಕಾವಲುಗಾರರು ಆ ಮೂರು ಕಲ್ಲುಗಳನ್ನು ಊಟೆಯಿಂದ ಈಚೆಗೆ ತಂದು ನಿಲ್ಲಿಸುತ್ತಾರೆ. ಬುಡದ ಕೆಲಸ ಮಾತ್ರ ನಿಮ್ಮದು. ಆಮೇಲೆ ಅದಕ್ಕೆ ತಕ್ಕ ನಕ್ಷೆ.”

“ಸ್ವಾಮಿ, ಕಣಿವೆ ಹೋಗುತ್ತದೆ,” ಎಂದನು ಕಾಸ್ಪರ್.

“ಹೋಗುತ್ತದೆ. ಹೋದಲ್ಲಿ ಅದಕ್ಕೊಬ್ಬ ಒಡೆಯನೂ ಬೇಕಾಗುತ್ತಾನೆ. ಬಿಷಪ್ಪರ ಆಸ್ಥಾನದಲ್ಲಿ ನನಗೆ ಆ ಪಟ್ಟ ಕೊಡಿಸುವ ಗೆಳೆಯರಿದ್ದಾರೆ. ಆನ್ಸೆಲ್ಮರಿಗೆ ಇದಾವುದೂ ತಿಳಿಯದು, ತಿಳಿಸುವ ಅಗತ್ಯವೂ ಇಲ್ಲ.” ರೋಡೆಕ್ ಮೇಜಿನ ಮೇಲಿನ ಧೂಳನ್ನು ಒಂದು ಬೆರಳಿನಿಂದ ಒರೆಸಿದನು. “ನಿಮ್ಮ ಶ್ರೀಮತಿಯವರು ಕ್ಷೇಮವೆ? ಸೂಲಗಿತ್ತಿಯರಲ್ಲವೆ ಅವರು? ಸೊಪ್ಪುಸದೆಗಳ ವಿಷಯ ಚೆನ್ನಾಗಿ ಬಲ್ಲರೆಂದು ಕೇಳಿದ್ದೇನೆ. ಅವರ ಅಜ್ಜಿಯೂ ಬಲ್ಲವರಾಗಿದ್ದರಂತೆ.”

ಇನ್ನೇನೂ ಹೇಳಬೇಕಾಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಮೈನ್ ನದಿಯ ದಡದುದ್ದಕ್ಕೂ ಮಾಟಗಾತಿಯರೆಂದು ನೂರಾರು ಜನರನ್ನು ಸುಟ್ಟಿದ್ದರು. ಕಾಸ್ಪರನ ಹೆಂಡತಿ ಅಪೊಲೋನಿಯಾ ತನ್ನ ಅಜ್ಜಿಯನ್ನು ಸುಟ್ಟ ಕಂಬವನ್ನು ಕಂಡಿದ್ದಳು. ಕಾಸ್ಪರ್ ಎದ್ದು ನಿಂತನು. ಮಹಾಮಂತ್ರಿಗಳು ತಾವೇ ಬಾಗಿಲು ತೆರೆದು, ವಂದಿಸಿ, ಅವನನ್ನು ಬೀಳ್ಕೊಟ್ಟರು.

ಭಾನುವಾರ ಮಂಜು ಎಷ್ಟು ಕವಿದಿತ್ತೆಂದರೆ ಕುಲುಮೆಯ ಹೊಗೆ ಯಾವುದು, ಮಂಜು ಯಾವುದು ತಿಳಿಯುತ್ತಿರಲಿಲ್ಲ. ಕಣಿವೆಯ ಮೂರೂ ಚರ್ಚುಗಳ ಗಂಟೆ ಕೆಳಗಿನಿಂದ ಕೇಳುತ್ತಿದ್ದಂತೆ ಕಾವಲುಗಾರರು ಸನಿಕೆ ಹಾಕಿದರು. ಒಂದೊಂದು ಗಂಟೆಯೂ ಕಾಸ್ಪರನ ಎದೆಗೇ ಬಡಿದಂತಾಗುತ್ತಿತ್ತು. ಕಾವಲುಗಾರರನ್ನು ದೂರ ಕಳಿಸಿ, ಮೊಣಕಾಲೂರಿ, ಮುತ್ತಜ್ಜಂದಿರ ಕಾಲದ ಗುರುತುಗಳನ್ನು ಒಂದೊಂದಾಗಿ ಹೊರತೆಗೆದನು. ಹೊಸ ಗುಂಡಿಗಳಲ್ಲಿ, ಇರಬೇಕಾದ ಕ್ರಮದಲ್ಲಿಯೇ, ಒಂದು ಕೂದಲೆಳೆಯೂ ತಪ್ಪದಂತೆ ಇಟ್ಟನು. ಬೇಕೆಂದೇ ಒಂದನ್ನು ತಪ್ಪಾಗಿ ಇಟ್ಟರೆ ಮೋಸ ಹೊರಬಿದ್ದೀತು ಎಂಬ ಯೋಚನೆ ಬಾರದಿರಲಿಲ್ಲ. ಬಂದೊಡನೆ ಕಂಬವೂ ಕಣ್ಣೆದುರು ಬಂದಿತು, ಕೈ ಸರಿಯಾಗಿಯೇ ಇಟ್ಟಿತು. ಹಳೆಯ ಗುಂಡಿಗಳ ಮೇಲೆ ಕಾವಲುಗಾರರು ಪಾಚಿಯ ಹೆಂಟೆಗಳನ್ನು ಹಾಸಿದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೆ?

ಮನೆಗೆ ಬಂದಾಗ ಅಪೊಲೋನಿಯಾ ಒಲೆಯ ಬಳಿ ರೈ ರೊಟ್ಟಿ ಕೊಯ್ಯುತ್ತಿದ್ದಳು. ಗಂಡನ ಮೊಣಕಾಲಿನ ಕೆಮ್ಮಣ್ಣನ್ನು ನೋಡಿದಳು. ಊರೊಳಗೆ ಆ ಬಣ್ಣದ ಮಣ್ಣಿಲ್ಲ.

“ಕರಡಿಬೆನ್ನಿಗೆ ಹೋಗಿದ್ರಾ? ಭಾನುವಾರದ ದಿನ?”

ಕಾಸ್ಪರ್ ಬಗ್ಗಿ ಮೊಣಕಾಲಿನ ಮಣ್ಣನ್ನು ಕೊಡವಿಕೊಂಡನು. ಅವಳು ಚಾಕು ಕೆಳಗಿಟ್ಟಳು. ಮೂವತ್ತು ವರ್ಷ ಜೊತೆ ಬಾಳಿದವಳಿಗೆ ಅವನ ಯಾವ ಹೆದರಿಕೆಯ ಮುಖ ಯಾವುದಕ್ಕೆಂದು ಗೊತ್ತಿತ್ತು. ಈ ಮುಖವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

“ನನ್ನ ಹೆಸರು ಹೇಳಿ ಹೆದರಿಸಿದ್ರಲ್ವಾ?” ಎಂದಳು ಮೆಲ್ಲನೆ. “ಏನು ಮಾಡಿಸಿಕೊಂಡ್ರು ಅಂತ ಕೇಳೋದಿಲ್ಲ. ಹೇಳಬಾರದ್ದಿರುತ್ತೆ. ನನಗೂ ಭಯ ಇದೆ, ಕಾಣಿ. ಸೌದೆ ಒಟ್ಟಿದ್ದು ಕಂಡರೆ ಈಗಲೂ ಬೇರೆ ದಾರೀಲಿ ಹೋಗ್ತೀನಿ. ಆದರೆ ಆ ಕಣಿವೇಲಿ ನಾನು ಹೆರಿಗೆ ಮಾಡಿಸಿದ ಮಕ್ಕಳು ತೊಂಬತ್ತಾದರೂ ಇದ್ದಾವು. ನಿಮಗೆ ಏನು ತೋಚುತ್ತೋ ಮಾಡಿ. ನನ್ನನ್ನ ಮಾತ್ರ ನೆವ ಮಾಡಬೇಡಿ.”

ಆದರೂ ಮಂಗಳವಾರ ಅವನು ನಕ್ಷೆ ಹಿಡಿದು ಸಭೆಗೆ ಹೋದನು. ಪುಕ್ಕಲನ ಕಾಲಿಗೆ ದಾರಿ ತೋರಲು ಭಯವೊಂದಿದ್ದರೆ ಸಾಕು, ಅದು ಎಳೆದಲ್ಲಿಗೆ ಹೋಗುತ್ತದೆ.

ಸಭಾಭವನದಲ್ಲಿ ಕಪ್ಪು ರೇಷ್ಮೆಯುಟ್ಟ ರಾಜಮಾತೆಯವರು ಒಂದು ಕಡೆ, ಬಿಳಿಗಡ್ಡದ ಆನ್ಸೆಲ್ಮ್ ಪಾದ್ರಿಗಳು ಇನ್ನೊಂದು ಕಡೆ ಕುಳಿತಿದ್ದರು. ಊಟೆ ಗೆರೆಯಿಂದಾಚೆಗಿರುವುದನ್ನು ನಕ್ಷೆಯಲ್ಲಿ ಕಂಡು ಸಿಬಿಲ್ಲಾ ದೇವಿಯವರ ಮುಖ ಬಿಳುಪೇರಿತು. “ನಮ್ಮ ಪತಿದೇವರು ಊಟೆ ನಮ್ಮದೆಂದೇ ಹೇಳುತ್ತಿದ್ದರು,” ಎಂದರು.

“ದಿವಂಗತ ಪ್ರಭುಗಳು ಆ ಗುಡ್ಡ ಹತ್ತಿದವರಲ್ಲ, ದೇವಿ,” ಎಂದು ರೋಡೆಕ್ ತಲೆಬಾಗಿದನು. “ನಮಗೂ ದುಃಖವೇ. ಆದರೆ ಕಲ್ಲು ನಿಂತಲ್ಲಿ ಎಲ್ಲೆ. ಭೂಮಾಪಕರು ಆಣೆಯಿಟ್ಟು ನುಡಿಯಲಿ.”

ಕಾಸ್ಪರ್ ಬಲಗೈಯ ಎರಡು ಬೆರಳುಗಳನ್ನು, ತೋರುಬೆರಳನ್ನೂ ನಡುಬೆರಳನ್ನೂ, ಮೇಲೆತ್ತಿದನು. ಆ ದೇಶದಲ್ಲಿ ಆಣೆ ಇಡುವ ಕ್ರಮವದು; ಸುಳ್ಳಾಣೆ ಇಟ್ಟವನಿಗೆ ಅವೇ ಎರಡು ಬೆರಳುಗಳನ್ನು ಕಡಿಯುವುದು ಅಲ್ಲಿಯ ದಂಡನೀತಿ. ಇದೇ ಕಲ್ಲುಗಳು, ಇದೇ ಎಲ್ಲೆ ಎಂದು ನುಡಿದನು. ಎತ್ತಿದ ಬೆರಳುಗಳು ಎಲ್ಲರಿಗೂ ಕಾಣುವಂತೆ ನಡುಗುತ್ತಿದ್ದವು. ಆದರೆ ಆ ಮನುಷ್ಯ ಸದಾ ನಡುಗುವವನೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಗುರುವಾರ ಗಡಿ ನಡೆಯುವ ದಿನ. ಕಣಿವೆಯ ನಾನೂರು ಜನರೂ ಮೊದಲ ಬೆಳಕಿಗೇ ಗುಡ್ಡ ಹತ್ತಿದ್ದರು. ಮಕ್ಕಳನ್ನು ಎತ್ತಿಕೊಂಡಿದ್ದರು, ಕೆಲವರು ಗಂಟುಮೂಟೆ ಕಟ್ಟಿಯೇ ಬಂದಿದ್ದರು, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಕಲ್ಲಿನ ಜಾಗದ ಬಗ್ಗೆ ಅವರಲ್ಲಿ ಗುಸುಗುಸು ಇತ್ತು. ಆದರೆ ಅವರೆಲ್ಲ ಯುದ್ಧದ ಬಳಿಕ ಬಂದು ನೆಲೆಸಿದವರು, ತೋಳಗಳಿರುವ ಆ ಕಾಡಿನೊಳಗೆ ಹೋಗಿ ಕಲ್ಲು ಕಂಡವರು ಯಾರೂ ಇರಲಿಲ್ಲ. ಏಳು ಮಂದಿಯಲ್ಲಿಯೂ ಐವರು ಹೊಸಬರೇ. ರೋಡೆಕನ ಕಡೆಯವರನ್ನು ಬಿಟ್ಟರೆ, ಆ ಕಲ್ಲುಗಳು ಹಿಂದೆ ನಿಂತಿದ್ದ ಜಾಗವನ್ನು ಬಲ್ಲವರು ಇಬ್ಬರು ಮಾತ್ರ: ಒಬ್ಬ ಕಾಸ್ಪರ್, ಇನ್ನೊಬ್ಬ ಏಳು ಮಂದಿಯ ಹಿರಿಯ ಫೈಟ್ ಶ್ಮಿಡ್‌ಲಿಂಗ್. ಫೈಟನಿಗೆ ಎಂಬತ್ತು ದಾಟಿ ಕಣ್ಣು ಪೂರಾ ಹೋಗಿತ್ತು. ಕಾಸ್ಪರನೇ ಅವನ ಕೈ ಹಿಡಿದು ಗುಡ್ಡ ಹತ್ತಿಸಬೇಕಾಯಿತು.

ಮೊದಲ ಕಲ್ಲಿನ ಬಳಿ ರಾಜಮಾತೆಯವರು, ಪಾದ್ರಿಗಳು, ರೋಡೆಕ್ ಎಲ್ಲರೂ ನಿಂತರು. ಏಳು ಮಂದಿಯಲ್ಲಿ ಉಳಿದವರು ಸುತ್ತಲೂ ಬೆನ್ನು ತಿರುಗಿಸಿ ನಿಂತು ಕಂಬಳಿ ಹಿಡಿದರು. ಒಳಗೆ ಹಿರಿಯನೊಬ್ಬನೇ ಬುಡವನ್ನು ತೋಡಿ ಗುರುತು ನೋಡಬೇಕು. ಫೈಟ್ ಕೂಡಲೇ ಕೂರಲಿಲ್ಲ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿದನು.

“ನೀರಿನ ಸದ್ದು ಹಿಂದೆ ಕೇಳಬೇಕಿತ್ತಲ್ಲ, ಕಾಸ್ಪರ್,” ಎಂದನು. “ಮುಂದೆ ಕೇಳ್ತಾ ಇದೆ.”

ಮುದುಕ ಕಂಬಳಿಯೊಳಗೆ ಹೋದನು. ಮಣ್ಣು ಕೆದಕುವ ಸದ್ದು ಬಂದಿತು, ನಿಂತಿತು. ಹೊರಗೆ ನಾನೂರು ಜನ ಉಸಿರು ಬಿಗಿಹಿಡಿದಿದ್ದರು. ಹಾಮರ್ಟಾಲಿನ ಹೆಂಗಸರ ನಡುವೆ ಅಪೊಲೋನಿಯಾ ನಿಂತಿರುವುದು ಆಗ ಕಾಸ್ಪರನ ಕಣ್ಣಿಗೆ ಬಿತ್ತು. ಕೊನೆಗೆ ಫೈಟ್ ಹೊರಬಂದು ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡನು.

“ಗುರುತು ಸರಿ ಇದೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದನು. ಹಳ್ಳಿಗರ ನಡುವಿನಿಂದ ಒಂದು ನರಳು ಎದ್ದಿತು. ಫೈಟ್ ಕಾಸ್ಪರನ ತೋಳನ್ನು ತಡವಿ ಹಿಡಿದು, ಅವನೊಬ್ಬನಿಗೇ ಎಂಬಂತೆ ಮೆಲ್ಲನೆ ನುಡಿದನು. “ನನ್ನ ಕಿವೀನೂ ಕೆಡ್ತು ನೋಡು, ಮಗು. ಅರವತ್ತು ವರ್ಷ ಈ ಊಟೆ ಸದ್ದಿನ ಮೇಲೇ ಆಣೆ ಇಡಬಲ್ಲೆ ಅಂದ್ಕೊಂಡಿದ್ದೆ. ಆದರೆ ಗುರುತು ಇಡೋರು ನಾವು ಏಳು ಜನ ಬಿಟ್ಟರೆ ಇನ್ಯಾರು? ನಮ್ಮವರು ಸುಳ್ಳು ಇಡೋದಿಲ್ಲ. ನಾನೇ ತಪ್ಪಿರಬೇಕು.”

ಮುದುಕನು ಅವನನ್ನು ಸಂಶಯಿಸಿದ್ದರೆ ಕಾಸ್ಪರ್ ತಾಳಿಕೊಳ್ಳುತ್ತಿದ್ದನೇನೋ. ಬೈದಿದ್ದರೂ ತಾಳುತ್ತಿದ್ದನು. ಆದರೆ ತನ್ನ ಕಿವಿಯನ್ನೇ ಸುಳ್ಳೆಂದುಕೊಂಡು ಇವನನ್ನು ನಂಬಿದ ಆ ಕುರುಡ ಕಣ್ಣುಗಳನ್ನು ನೋಡಿ ಅವನ ಒಳಗೆ ಏನೋ ಮುರಿಯಿತು. ಭಯ ಹೋಯಿತೆಂದು ನಾವು ಹೇಳುವುದಿಲ್ಲ. ಅದು ಅಲ್ಲೇ ಇತ್ತು. ಅದಕ್ಕಿಂತ ಹೆಚ್ಚಿನ ನಾಚಿಕೆಯೊಂದು ಅದರ ಮೇಲೆ ಬಂದು ಕುಳಿತಿತು.

“ನಿಮ್ಮ ಕಿವಿ ಸರಿಯಾಗಿದೆ, ಅಜ್ಜ,” ಎಂದನು ಕಾಸ್ಪರ್. ಆಮೇಲೆ ರಾಜಮಾತೆಯವರ ಕಡೆ ತಿರುಗಿದನು. ಮಾತು ತಡವರಿಸುತ್ತಿತ್ತು. “ದೇವಿ, ಈ ಕಲ್ಲುಗಳು ಇಲ್ಲಿರಲಿಲ್ಲ. ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಇಲ್ಲಿಗೆ ತಂದರು. ಗುರುತುಗಳನ್ನು ಇಟ್ಟವನು ನಾನು. ಮಹಾಮಂತ್ರಿಗಳ ಅಪ್ಪಣೆಯಂತೆ ಇಟ್ಟೆ. ಸಭೆಯಲ್ಲಿ ನಾನು ಇಟ್ಟದ್ದು ಸುಳ್ಳಾಣೆ.”

ಎಲ್ಲರ ಕಣ್ಣೂ ರೋಡೆಕನ ಮೇಲೆ ಹೋಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಬಡಪಾಯಿ,” ಎಂದನು ಕನಿಕರದಿಂದ. “ಹಳ್ಳಿಗರ ಕಣ್ಣೀರು ಕಂಡು ಮತಿ ಕೆಟ್ಟಿದೆ. ಮೊನ್ನೆ ಆಣೆಯಿಟ್ಟು ಒಂದು ಹೇಳಿದರು, ಇಂದು ಆಣೆಯಿಲ್ಲದೆ ಇನ್ನೊಂದು ಹೇಳುತ್ತಿದ್ದಾರೆ. ಯಾವುದನ್ನು ನಂಬುವುದು? ಅವರ ಪತ್ನಿಯವರು ಏನಾದರೂ ಕುಡಿಸಿರಬಹುದೇ ಎಂಬ ಅನುಮಾನವೂ ಬರುತ್ತಿದೆ. ವಿಚಾರಣೆ ಮಾಡಿಸಿದರೆ ಒಳಿತು.”

ಹೆಂಗಸರ ಗುಂಪು ಅಪೊಲೋನಿಯಾಳ ಸುತ್ತ ಸದ್ದಿಲ್ಲದೆ ಒತ್ತೊತ್ತಾಗಿ ನೆರೆಯಿತು. ಅವಳು ಓಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು, ಅವಳ ತುಟಿ ಬಿಳಿಚಿತ್ತು.

ಆನ್ಸೆಲ್ಮ್ ಪಾದ್ರಿಗಳು ಊರುಗೋಲನ್ನು ನೆಲಕ್ಕೂರಿದರು. ಕಠಿಣ ಮನುಷ್ಯರು, ಆದರೆ ಕಪಟಿಗಳಲ್ಲ. “ದೇವಿಯವರು ಕ್ಷಮಿಸಬೇಕು. ಈ ಮಾತಿನಿಂದ ಲಾಭವಾಗುವುದು ನಿಮ್ಮ ಸಂಸ್ಥಾನಕ್ಕೆ. ಆಡುತ್ತಿರುವವನು ನಿಮ್ಮ ಸೇವಕ. ಕಣಿವೆ ಕೈಜಾರುವುದನ್ನು ಕಂಡು ಹೂಡಿದ ಆಟವಿದೆಂದು ನನ್ನ ಒಡೆಯರು ಹೇಳಿದರೆ ನಾನೇನು ಉತ್ತರ ಕೊಡಲಿ? ಬುಡದ ಗುರುತನ್ನು ನಾನು ನೋಡುವಂತಿಲ್ಲ. ಮಾತೊಂದನ್ನೇ ನಂಬಬೇಕು, ಸುಳ್ಳಾಣೆಯವನ ಮಾತು ನ್ಯಾಯದಲ್ಲಿ ಮಾತೇ ಅಲ್ಲ.”

ಸಿಬಿಲ್ಲಾ ದೇವಿಯವರು ಕಾಸ್ಪರನ ಬಳಿಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. “ಟ್ರಾಯ್ಟ್‌ಲೈನರೇ, ನಿಮ್ಮನ್ನು ನಾವು ನಂಬುತ್ತೇವೆ. ತಡವಾಗಿಯಾದರೂ ನಿಜವನ್ನು ನುಡಿದಿರಿ. ನಿಮ್ಮ ಅಪರಾಧವನ್ನು ನಾವು ಇಲ್ಲಿಯೇ ಕ್ಷಮಿಸಿದ್ದೇವೆ.”

ಆ ಕ್ಷಣ ಕಾಸ್ಪರನಿಗೆ ಆದ ನಿರಾಳವನ್ನು ಹೇಳಲಾಗದು. ಬೆರಳುಗಳು ಉಳಿದವು, ಬಾವಿಯ ಬಾಯಿಯಲ್ಲಿ ಬೆಳಕು ಕಂಡಂತಾಯಿತು. ಹಾಂ ಎಂದು ತಲೆಬಾಗಿದರೆ ಮುಗಿಯಿತು. ಆದರೆ ಪಾದ್ರಿಗಳು ತಮ್ಮಷ್ಟಕ್ಕೇ ಇಲ್ಲವೆಂಬಂತೆ ತಲೆಯಾಡಿಸಿದ್ದನ್ನು ಅವನು ಕಂಡನು. ರೋಡೆಕನ ತುಟಿಯ ತುದಿ ಸ್ವಲ್ಪವೇ ಸ್ವಲ್ಪ ಸಡಿಲಾದುದನ್ನೂ ಕಂಡನು. ಹದಿನೆಂಟರಿಂದ ಈಚೆಗೆ ಹೆದರುತ್ತಲೇ ಬಾಳಿದವನಿಗೆ ಇತರರ ಮುಖ ಓದುವ ವಿದ್ಯೆಯೊಂದು ಚೆನ್ನಾಗಿ ಬಂದಿರುತ್ತದೆ. ಈ ಕ್ಷಮೆಯೇ ಕಣಿವೆಯನ್ನು ಕಳೆಯುತ್ತದೆಂದು ಅವನಿಗೆ ಹೊಳೆಯಿತು.

“ಬೇಡ, ದೇವಿ,” ಎಂದನು.

“ಏನೆಂದಿರಿ?”

“ಕ್ಷಮೆ ಬೇಡ. ಪಾದ್ರಿಗಳೇ, ತಾವು ನ್ಯಾಯ ಬಲ್ಲವರು. ಸುಳ್ಳಾಣೆಯವನು ದಂಡ ತೆತ್ತ ಮೇಲೆ ಅವನ ಮಾತಿಗೆ ಮತ್ತೆ ಬೆಲೆಯುಂಟೋ ಇಲ್ಲವೋ?”

ಆನ್ಸೆಲ್ಮರು ಅವನನ್ನು ದಿಟ್ಟಿಸಿ ನೋಡಿದರು. “ಉಂಟು,” ಎಂದರು. “ತೆತ್ತವನಿಗೆ ಉಂಟು.”

“ಹಾಗಾದರೆ ಕಡಿಸಿ.” ಅವನ ಹಲ್ಲುಗಳು ಕಟಕಟನೆ ಬಡಿದುಕೊಳ್ಳುತ್ತಿದ್ದವು. “ಬೇಗ ಕಡಿಸಿ, ದೇವಿ. ನಾನು ಹೆದರುವ ಮನುಷ್ಯ. ಹೊತ್ತು ಹೋದರೆ ಮನಸ್ಸು ಬದಲಾದೀತು.”

ರಾಜಮಾತೆಯವರು ನಾನೂರು ಜನರ ಮುಖವನ್ನು ನೋಡಿದರು. ಬಳಿಕ, ನೋಡುವವರಿಗೆ ಅರಿವಾಗದಷ್ಟು ಸಣ್ಣದಾಗಿ, ತಮ್ಮ ದಂಡಾಧಿಕಾರಿಗೆ ಸನ್ನೆ ಮಾಡಿದರು. ದಾರಿಯ ಪೊದೆ ಕಡಿಯಲು ತಂದಿದ್ದ ಕೈಗೊಡಲಿಯೊಂದಿತ್ತು. ಸುಳ್ಳು ನಿಂತಿದ್ದ ಆ ಕಲ್ಲಿನ ತಲೆಯ ಮೇಲೆಯೇ ಕಾಸ್ಪರ್ ಬಲಗೈ ಇಟ್ಟನು. ಅದು ನಡುಗುತ್ತಿತ್ತು, ನಿಲ್ಲಿಸಲು ಅವನಿಂದಾಗಲಿಲ್ಲ. ಅಪೊಲೋನಿಯಾ ಗುಂಪಿನಿಂದ ಹೊರಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಎರಡೂ ಕೈಗಳಿಂದ ಅವನ ಮಣಿಕಟ್ಟನ್ನು ಕಲ್ಲಿಗೆ ಒತ್ತಿ ಹಿಡಿದಳು.

“ಹಿಡ್ಕೊಂಡಿದೀನಿ,” ಎಂದಳು. “ಆ ಕಡೆ ನೋಡಿ.”

ಅವನು ಆ ಕಡೆ ನೋಡಿದನು. ಕೊಡಲಿ ಎರಡು ಸಲ ಬೀಳಬೇಕಾಯಿತು. ಕಾಸ್ಪರನ ಕೂಗು ಕಣಿವೆಯ ಕೆಳಗಿನ ಕುಲುಮೆಗಳವರೆಗೂ ಹೋಯಿತು; ಅವನು ಧೀರನಂತೆ ಮೌನವಾಗಿ ಸಹಿಸಿದನೆಂದು ಬರೆದರೆ ನಾವು ಸುಳ್ಳುಗಾರರಾಗುತ್ತೇವೆ. ಮಗುವಿನಂತೆ ಅತ್ತನು. ಅಪೊಲೋನಿಯಾ ಸೊಂಟದ ಚೀಲ ಬಿಚ್ಚಿ, ಬಿಷಪ್ಪರ ರಾಯಭಾರಿಯ ಕಣ್ಣೆದುರಿನಲ್ಲಿಯೇ, ರಕ್ತ ಕಟ್ಟುವ ಸೊಪ್ಪನ್ನು ಬಾಯಲ್ಲಿ ಅಗಿದು ಗಾಯಕ್ಕೆ ಮೆತ್ತಿ, ತಲೆವಸ್ತ್ರ ಹರಿದು ಬಿಗಿದಳು. ರಕ್ತ ನಿಂತಿತು. ಪಾದ್ರಿಗಳು ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಆಗ ಅರಣ್ಯ ಕಾವಲುಗಾರರಲ್ಲಿ ಒಬ್ಬನು ಈಟಿಯನ್ನು ಕೆಳಗೆ ಹಾಕಿ ರಾಜಮಾತೆಯವರ ಕಾಲ ಬಳಿ ಕುಸಿದನು. “ನಾವೇ ಹೊತ್ತಿದ್ದು ತಾಯಿ,” ಎಂದನು. “ಮೂರೂ ಕಲ್ಲು ನಾವಿಬ್ಬರೇ ಹೊತ್ತಿದ್ದು. ಮಂತ್ರಿಗಳು ಹೇಳಿದರು, ಹೊತ್ವಿ.” ಅವನ ಜೊತೆಗಾರ ತಲೆತಗ್ಗಿಸಿ ನಿಂತನು, ಇಲ್ಲವೆನ್ನಲಿಲ್ಲ. ರೋಡೆಕ್ ಕುದುರೆಯ ಕಡೆಗೆ ಎರಡು ಹೆಜ್ಜೆ ಇಟ್ಟನು. ಕಬ್ಬಿಣ ಬಡಿಯುವ ಹಾಮರ್ಟಾಲಿನ ಗಂಡಸರು ಕೈಕಟ್ಟಿ ದಾರಿಗಡ್ಡ ನಿಂತಿದ್ದರು. ಮಹಾಮಂತ್ರಿಯು ಅವರಿಗೂ ವಿನಯದಿಂದ ತಲೆಬಾಗಿದನು. ಅವರಲ್ಲಿ ಯಾರೂ ಮರುವಂದನೆ ಮಾಡಲಿಲ್ಲ.

ಆನ್ಸೆಲ್ಮ್ ಪಾದ್ರಿಗಳು ಅತ್ತ ತಿರುಗಿಯೂ ನೋಡಲಿಲ್ಲ. ಬಂಡೆಗೊರಗಿ ಕುಳಿತಿದ್ದ ಕಾಸ್ಪರನೆದುರು ಬಂದು, ಸಭೆಯಲ್ಲಿ ಕೇಳುವ ಗಂಭೀರ ಧ್ವನಿಯಲ್ಲಿ ಕೇಳಿದರು: “ಕಾಸ್ಪರ್ ಟ್ರಾಯ್ಟ್‌ಲೈನರೇ, ಎರ್ಲೆನ್‌ಸ್ಟೈನಿನ ಎಲ್ಲೆಗಲ್ಲುಗಳು ಎಲ್ಲಿದ್ದವು?”

ಅವನು ಎದ್ದನು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಕುರುಡ ಫೈಟ್. ಯಾರು ಯಾರಿಗೆ ಆಸರೆಯೆಂದು ಹೇಳುವಂತಿರಲಿಲ್ಲ. ಮೂವರೂ ಊಟೆಯನ್ನು ದಾಟಿ ಏರು ಹತ್ತತೊಡಗಿದರು. ಹಿಂದೆ ಪಾದ್ರಿಗಳು, ಅವರ ಹಿಂದೆ ಕಪ್ಪು ರೇಷ್ಮೆಯ ಸೆರಗನ್ನು ಮುಳ್ಳಿನಿಂದ ಬಿಡಿಸಿಕೊಳ್ಳುತ್ತ ರಾಜಮಾತೆಯವರು, ಅವರ ಹಿಂದೆ ಮಕ್ಕಳನ್ನೆತ್ತಿಕೊಂಡ ಮೂರು ಹಳ್ಳಿಗಳು. ಪ್ರತಿ ಹೆಜ್ಜೆಗೂ ಕಾಸ್ಪರನ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಎಲ್ಲಿ ಬಿದ್ದುಬಿಡುವೆನೋ, ಜಾಗ ತೋರಿಸುವ ಮೊದಲೇ ಎಲ್ಲಿ ಉಸಿರು ನಿಂತೀತೋ ಎಂದು ಅವನು ಈಗಲೂ ಹೆದರುತ್ತಿದ್ದನು. ಒಂದು ಫರ್ ಮರದ ಬುಡದಲ್ಲಿ, ಪಾಚಿ ಹಾಸಿದ ನೆಲದ ಮೇಲೆ ನಿಂತು, ಬಟ್ಟೆ ಸುತ್ತಿದ ಕೈಯನ್ನು ಕೆಳಮುಖವಾಗಿ ಚಾಚಿದನು.

“ಇಲ್ಲಿ,” ಎಂದನು.

ಪಾದ್ರಿಗಳು ಪಾಚಿಯನ್ನು ಸರಿಸಿ ನೋಡಲಿಲ್ಲ, ಕಾವಲುಗಾರರನ್ನು ಕರೆಯಲಿಲ್ಲ, ಇನ್ನೊಬ್ಬ ಸಾಕ್ಷಿಯನ್ನು ಕೇಳಲಿಲ್ಲ. ಜೊತೆಗೆ ಬಂದಿದ್ದ ಕರಣಿಕನ ಕಡೆಗೆ ತಿರುಗಿ, “ಬರೆದುಕೊಳ್ಳಿ,” ಎಂದರು.